ಚಕ್ರ ತಾಗಿದ ಮೇಲೆ

ಹೆಲಿಕಾಪ್ಟರ್ ಪ್ರಯಾಣದಲ್ಲಿ ನಂಬಬಾರದ ಹೊತ್ತು ಎಂದರೆ ಇಳಿಯುವ ಹೊತ್ತು. ಇದನ್ನು ನಾನು ಹೆಚ್ಚುಕಡಿಮೆ ದಿನವೂ ಬೆಳಿಗ್ಗೆ, ಮುಂಬೈಯ ಪಶ್ಚಿಮ ಉಪನಗರದ ಒಂದು ಹ್ಯಾಂಗರಿನ ಪಕ್ಕದ ಕೋಣೆಯಲ್ಲಿ ನಿಂತು ಹೇಳುತ್ತೇನೆ. ಕೇಳುವವರು ಸಮುದ್ರದ ನಡುವಿನ ತೈಲದ ಪ್ಲಾಟ್‌ಫಾರ್ಮುಗಳಿಗೆ ಕೆಲಸಕ್ಕೆ ಹೊರಟವರು. ಮೊಬೈಲುಗಳನ್ನು ಕೌಂಟರಿನಲ್ಲಿ ಒಪ್ಪಿಸಿ, ಲೈಫ್ ಜಾಕೆಟ್ ಕಟ್ಟಿಕೊಂಡು, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಆಕಳಿಸುತ್ತಿರುತ್ತಾರೆ. ಕೇಳುವವರು ಎಂದದ್ದು ಮರ್ಯಾದೆಗೆ. ಲೋಕಲ್ ರೈಲಿನಲ್ಲಿ ಮುಂದಿನ ಸ್ಟೇಷನ್ ಯಾವುದೆಂದು ಹೇಳುವ ಹೆಂಗಸಿನ ದನಿಗೆ ಎಷ್ಟು ಬೆಲೆಯೋ ನನ್ನ ದನಿಗೂ ಅಷ್ಟೇ.

ಆದರೂ ಹೇಳುತ್ತೇನೆ, ಅದು ಈಗ ನನ್ನ ಕೆಲಸ. ಇಳಿಯುವಾಗ ಪೈಲಟ್‌ಗೆ ಎತ್ತರವೂ ಇರುವುದಿಲ್ಲ, ವೇಗವೂ ಇರುವುದಿಲ್ಲ. ಮೇಲಿದ್ದಾಗ ಏನಾದರೂ ಕೆಟ್ಟರೆ ತಿದ್ದಿಕೊಳ್ಳಲು ಜಾಗ ಸಿಗುತ್ತದೆ, ಕೆಳಗೆ ಸಿಗುವುದಿಲ್ಲ. ಯಂತ್ರ ತಾನೇ ಕೆಳಗೆ ತಳ್ಳಿದ ಗಾಳಿಯೊಳಕ್ಕೆ ನೆಟ್ಟಗೆ ಇಳಿದರೆ, ಎಷ್ಟು ಶಕ್ತಿ ಹಾಕಿದರೂ ಕುಸಿಯುತ್ತಲೇ ಹೋಗುತ್ತದೆ. ಪ್ಲಾಟ್‌ಫಾರ್ಮಿನ ಉಕ್ಕಿನ ಗೋಪುರಗಳಿಗೆ ಬಡಿದ ಗಾಳಿ ಯಾವ ಕಡೆಯಿಂದ ತಿರುಗಿ ಬರುತ್ತದೆಂದು ಹೇಳಲಾಗದು. ನೆಲದ ಮೇಲಾದರೆ ಧೂಳು, ತಂತಿ. ಯಾವುದೋ ಮದುವೆಗೆಂದು ಮೈದಾನದಲ್ಲಿ ಸುಣ್ಣದ ವೃತ್ತ ಬರೆದು ಹೆಲಿಕಾಪ್ಟರ್ ಇಳಿಸಿಕೊಳ್ಳುವವರು ಅದರ ಬುಡದವರೆಗೆ ಕೆಂಪು ಕಾರ್ಪೆಟ್ ಹಾಸುತ್ತಾರೆ. ಆ ಕಾರ್ಪೆಟ್ ಗಾಳಿಗೆ ಎದ್ದು ರೆಕ್ಕೆಗೆ ಸುತ್ತಿಕೊಂಡರೆ ಮದುವೆಯ ಮನೆ ಮಸಣವಾಗುತ್ತದೆ. ಇಷ್ಟನ್ನೂ ಒಂದೇ ಉಸಿರಿಗೆ ಬಾಯಿಪಾಠ ಒಪ್ಪಿಸುತ್ತೇನೆ. ಹೇಳುವಾಗ ನನಗೆ ಏನೂ ಅನಿಸುವುದಿಲ್ಲ.

ಕೊನೆಗೆ ಬೆಲ್ಟಿನ ಮಾತು. ಚಕ್ರ ತಾಗಿದರೆ ಇಳಿದಂತಲ್ಲ; ಡೆಕ್ಕಿನ, ಅಂದರೆ ಪ್ಲಾಟ್‌ಫಾರ್ಮಿನ ನೆತ್ತಿಯ ಇಳಿಯುವ ಕಟ್ಟೆಯ, ಮೇಲಿನ ಮನುಷ್ಯ ಬಾಗಿಲು ತೆಗೆದು ಕೈ ತೋರಿಸುವವರೆಗೆ ಬೆಲ್ಟ್ ಬಿಚ್ಚಬೇಡಿ ಎನ್ನುತ್ತೇನೆ. ಮುಂಬೈ ಜನರಿಗೆ ಇದನ್ನು ಹೇಳುವುದು, ಲೋಕಲ್ ದಾದರ್ ಸ್ಟೇಷನ್ನಿನಲ್ಲಿ ನಿಲ್ಲುವ ಮೊದಲು ಬಾಗಿಲ ಹತ್ತಿರ ಹೋಗಬೇಡಿ ಎಂದಂತೆ. ಎಲ್ಲರೂ ತಲೆಯಾಡಿಸುತ್ತಾರೆ, ಎದ್ದು ಹೋಗುತ್ತಾರೆ.

ನಾನೂ ಆ ಕುರ್ಚಿಗಳಲ್ಲಿ ಕೂರುತ್ತಿದ್ದ ಕಾಲದಲ್ಲಿ ನನ್ನ ಗೆಳೆಯನೂ ಹಾಗೆಯೇ ತಲೆಯಾಡಿಸುತ್ತಿದ್ದ.

ಅವನು ಪರೇಲಿನವನು. ಅಜ್ಜ ಬೆಳಗಾವಿ ಕಡೆಯಿಂದ ಮಿಲ್ಲಿನ ಕೆಲಸಕ್ಕೆ ಬಂದವರು, ಇವನು ಮಿಲ್ಲಿನವರ ಒಂದೊಂದು ಕೋಣೆಯ ಸಾಲುಮನೆ, ಚಾಲ್‌ನಲ್ಲೇ ಹುಟ್ಟಿ ಬೆಳೆದವನು. ನಾನು ವಿಜಯಪುರದಿಂದ ಡಿಪ್ಲೊಮಾ ಮುಗಿಸಿ ಬಂದು ಸಯನ್‌ನಲ್ಲಿ ಬಾಡಿಗೆ ಹಿಡಿದಾಗ ಅದೇ ಕಂಪನಿಯಲ್ಲಿ, ಅದೇ ಮೀಟರು ವಾಲ್ವುಗಳ ವಿಭಾಗದಲ್ಲಿ ನನಗಿಂತ ಸ್ವಲ್ಪ ಹಿರಿಯನಾಗಿದ್ದ. ನನ್ನನ್ನು ಕಂಡರೆ ಅವನಿಗೆ ಒಂದು ತಮಾಷೆ. ಮೊದಮೊದಲು, ಇಬ್ಬರೂ ಕಂಪನಿಯ ಆಫೀಸಿನಲ್ಲಿದ್ದ ದಿನಗಳಲ್ಲಿ, ಸಂಜೆಯ ಲೋಕಲ್‌ನಲ್ಲಿ ನಾನು ಸಯನ್‌ನಲ್ಲಿ ಇಳಿಯಲಾಗದೆ ಮುಂದಿನ ಸ್ಟೇಷನ್ ಕುರ್ಲಾಕ್ಕೆ ಹೋಗಿ ತಿರುಗಿ ಬರುತ್ತಿದ್ದೆ. ನಮ್ಮೂರ ಬಸ್ಸಿನ ಅಭ್ಯಾಸ, ಗಾಡಿ ನಿಂತ ಮೇಲೆ ಏಳುವವನು ನಾನು.

“ಏನಲೇ, ನಿನ್ನ ಸಲುವಾಗಿ ಗಾಡಿ ನಿಲ್ಲಿಸಿ ಹಾರ ಹಾಕಬೇಕೇನು?” ಎಂದ. “ಮಾಟುಂಗಾ ಬಿಟ್ಟಕೂಡ್ಲೆ ಎದ್ದ ಬಿಡು. ದರವಾಜಾಕ್ಕ ಹೋಗಿ ನಿಂದ್ರು. ಗಾಡಿ ನಿಂದ್ರೂದರಾಗ ಒಂದ ಕಾಲ ಹೊರಗ ಇರಬೇಕು, ಬಸ್.”

ಪಾಠ ಹೇಳುವುದಕ್ಕಾಗಿಯೇ ಅವನು ಕೆಲವು ದಿನ ಪರೇಲಿನಲ್ಲಿ ಇಳಿಯುವುದನ್ನು ಬಿಟ್ಟು ಸಯನ್‌ವರೆಗೆ ಬಂದ. ನನ್ನ ತೋಳು ಹಿಡಿದು ಜನರ ನಡುವೆ ಎಳೆದುಕೊಂಡು ಇಳಿಸಿ, ಆಚೆ ಪ್ಲಾಟ್‌ಫಾರ್ಮಿಗೆ ಹೋಗಿ ತಿರುಗು ಗಾಡಿ ಹಿಡಿಯುತ್ತಿದ್ದ. ಕೊನೆಗೂ ನಾನು ಅಷ್ಟೇನೂ ಚುರುಕಾಗಲಿಲ್ಲ. ಚಾಲ್‌ನಲ್ಲೆಲ್ಲ ಈ ಕತೆಯನ್ನು ನಗುತ್ತ ಹೇಳಿಕೊಂಡು ಬಂದಿದ್ದ. ನಾನು ಅವನ ಮನೆಗೆ ಊಟಕ್ಕೆ ಹೋದರೆ ಅಕ್ಕಪಕ್ಕದವರು, “ಇವರೇ ಏನು ಆ ಕುರ್ಲಾದವರು?” ಎಂದು ಕೇಳುತ್ತಿದ್ದರು.

ಆಮೇಲೆ ಇಬ್ಬರನ್ನೂ ಪ್ಲಾಟ್‌ಫಾರ್ಮಿಗೆ ಹಾಕಿದರು; ಎರಡು ವಾರ ಕಡಲಲ್ಲಿ, ಎರಡು ವಾರ ಮನೆಯಲ್ಲಿ ಎನ್ನುವ ಕೆಲಸ ನಮ್ಮದಾಯಿತು. ಹೆಲಿಕಾಪ್ಟರಿನಲ್ಲೂ ಅವನದು ಅದೇ ಲೋಕಲ್ ಬುದ್ಧಿ. ಅವನೊಬ್ಬನದೇ ಅಲ್ಲ, ಠಾಣೆ, ಕಲ್ಯಾಣ, ವಸಯಿಯಿಂದ ಬರುವ ಎಲ್ಲರದೂ. ಚಕ್ರ ಡೆಕ್ಕಿಗೆ ತಾಗಿತೋ ಇಲ್ಲವೋ, ಸಾಲಿಡೀ ಕೈಗಳು ಸೊಂಟಕ್ಕೆ ಹೋಗುತ್ತಿದ್ದವು. ಕಿವಿಗೆ ಮುಚ್ಚಳ ಹಾಕಿರುತ್ತಿದ್ದೆವಾದ್ದರಿಂದ ಬಕಲ್ ಬಿಚ್ಚುವ ಸದ್ದು ಕೇಳುತ್ತಿರಲಿಲ್ಲ, ಕಾಣುತ್ತಿತ್ತು. ಊರಿಂದ ಬಂದ ನಾನೊಬ್ಬ ಕಟ್ಟಿಕೊಂಡೇ ಕೂತಿರುತ್ತಿದ್ದೆ. ಇದರಲ್ಲಿ ನನ್ನ ಜಾಣತನವೇನೂ ಇಲ್ಲ, ಮೈಯೊಳಗಿನ ನಿಧಾನ.

ಅವನಿಗೆ ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ಪ್ಲಾಟ್‌ಫಾರ್ಮಿನಲ್ಲಿ ಮೊಬೈಲ್ ಇಲ್ಲ. ಮನೆಗೆ ಮಾತಾಡಲು ರೇಡಿಯೊ ಕೋಣೆಯ ಪಕ್ಕ ಒಂದು ಫೋನು. ನಮ್ಮ ಪೈಕಿ ಮನೆಗಳಲ್ಲಿ ಹೆಂಗಸರು ಒಂದು ರೂಢಿ ಮಾಡಿಕೊಂಡಿದ್ದರು. ಗಂಡ ಮನೆ ಬಿಟ್ಟ ಹೊತ್ತಿನಿಂದ “ಮುಟ್ಟಿದೆ” ಎಂದು ಫೋನ್ ಬರುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲ, ಚಹಾ ಸಹ ಇಲ್ಲ. ಯಾರು ಶುರು ಮಾಡಿದರೋ ಗೊತ್ತಿಲ್ಲ, ಯಾವ ಪಂಚಾಂಗದಲ್ಲೂ ಇಲ್ಲದ ಉಪವಾಸ. ನನ್ನ ಹೆಂಡತಿ ಇದಕ್ಕೆ ಸೊಪ್ಪು ಹಾಕಲಿಲ್ಲ. “ನಾ ಉಪವಾಸ ಇದ್ರ ನಿಮ್ಮ ಹೆಲಿಕಾಪ್ಟರ್ ಏನು ಹಗರ ಆಗತೈತೇನು?” ಎಂದು ಉಪ್ಪಿಟ್ಟು ತಿಂದು ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು. ಗೆಳೆಯನ ಹೆಂಡತಿ ಹಾಗಲ್ಲ. ಅವರನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದೆ. ಧಾರವಾಡದ ಕಡೆಯವರು, ಮುಂಬೈಯ ಫೋರ್ಟ್ ಭಾಗದ ಒಂದು ಬ್ಯಾಂಕಿನಲ್ಲಿ ಕೆಲಸ. ಹಸಿದರೆ ಪಿತ್ತ ಎದ್ದು ತಲೆ ಸಿಡಿಯುತ್ತಿತ್ತು, ಆದರೂ ಬಿಡುತ್ತಿರಲಿಲ್ಲ. ಫೋನ್ ಬಂದ ಮೇಲೆಯೇ ತಿಂಡಿ. ಎಷ್ಟು ತಡವಾದರೂ ಸರಿ, ಗಂಡನ ದನಿ ಕೇಳಬೇಕು.

ಹಾಗಾಗಿ ಅವನು ಮೊದಲು ಇಳಿಯಬೇಕಿತ್ತು. ಒಂದು ಫೋನು, ಇಷ್ಟು ಜನ, ಒಬ್ಬೊಬ್ಬರದೂ ಪುರಾಣ. ಮೊದಲು ಇಳಿದವನಿಗೆ ಮೊದಲ ಫೋನು. ಬಾಗಿಲ ಪಕ್ಕದ ಸೀಟನ್ನು ಅವನು ಯಾರಿಗೂ ಬಿಟ್ಟುಕೊಟ್ಟದ್ದು ನಾನು ನೋಡಿಲ್ಲ.

ಆವತ್ತಿಗೆ ಮಳೆಯ ಜೋರು ಇಳಿಯತೊಡಗಿತ್ತು. ಮೋಡದಿಂದಾಗಿ ಹೊರಡುವುದು ತಡವಾಯಿತು. ಕೋಣೆಯಲ್ಲಿ ಕೂತು ಅವನು ಗಡಿಯಾರ ನೋಡುವುದು, ಏಳುವುದು, ಕಿಟಕಿಗೆ ಹೋಗುವುದು ಮಾಡುತ್ತಿದ್ದ. “ಆಕಿಗೆ ತಲಿ ಶೂಲಿ ಎದ್ದಿರತೈತಿ ಈಗಾಗಲೇ” ಎಂದ. ಒಂದು ಫೋನ್ ಮಾಡಿ ತಿನ್ನಲು ಹೇಳು ಎಂದೆ. ಮೊಬೈಲು ಕೌಂಟರಿನ ಒಳಗೆ ಹೋಗಿಯಾಗಿತ್ತು. ಕೇಳಿದ, ಕೊಡಲಿಲ್ಲ, ನಿಯಮ.

ಕಡಲ ಮೇಲೆ ಹವೆ ತಿಳಿಯಾಗಿತ್ತು. ಪ್ಲಾಟ್‌ಫಾರ್ಮು ಕಂಡಿತು, ಹಸಿರು ಬಣ್ಣದ ಡೆಕ್ಕು ಕಂಡಿತು, ಒಮ್ಮೆ ಸುತ್ತಿ ಇಳಿದೆವು. ಚಕ್ರ ತಾಗಿದ್ದು ಸೀಟಿನ ಅಡಿಗೆ ಗೊತ್ತಾಯಿತು. ಕೈಗಳು ಸೊಂಟಕ್ಕೆ ಹೋದವು. ಅವನು ಬಲಗಡೆ ಬಾಗಿಲಿಗೆ, ನಾನು ಅವನ ಎಡಕ್ಕೆ. ಅವನು ಬೆಲ್ಟ್ ಬಿಚ್ಚಿ ಅರ್ಧ ಎದ್ದ. ನನ್ನ ಕಡೆ ಬಗ್ಗಿ, ನನ್ನ ಕಿವಿಯ ಮುಚ್ಚಳವನ್ನು ಒಂದು ಕೈಯಿಂದ ಎತ್ತಿ ಕೂಗಿದ:

“ನಾ ಓಡಿ ಫೋನ್ ಹಚ್ತೇನಿ. ಆಕಿ ಹಸದ ಕುಂತಿರ್ತಾಳ. ನನ್ನ ಬ್ಯಾಗ್ ನೀ ತಗೊಂಡ ಬಾ.”

ಆಗ ಗಾಳಿ ಯಂತ್ರವನ್ನು ಒಮ್ಮೆ ತಳ್ಳಿತು. ನಾವು ಡೆಕ್ಕಿನ ಮೇಲೆ ಒಂದಿಷ್ಟು ಜಾರಿದಂತಾಯಿತು. ಪೈಲಟ್ ಮತ್ತೆ ಮೇಲೆತ್ತಿ ಸರಿಯಾಗಿ ಕೂರಿಸಲು ನೋಡಿದ. ಬಲಗಡೆ ಎದ್ದಿತು, ಎಡಗಡೆ ಏಳಲಿಲ್ಲ. ಕಿಟಕಿಯ ತುಂಬ ಆಕಾಶ ಬಂತು. ಆಮೇಲಿನ ಸದ್ದನ್ನು ನಾನು ಬರೆಯಲಾರೆ, ಯಾಕೆಂದರೆ ನನಗೆ ನೆನಪಿಲ್ಲ. ನೆನಪಿರುವುದು ಅವನ ಭಾರ. ನನ್ನ ಎಡಬದಿ ಕೆಳಗಾಗಿತ್ತು, ಅವನು ನನ್ನ ಮೇಲೆ ಅಡ್ಡ ಬಿದ್ದಿದ್ದ, ಅವನ ತೋಳು ನನ್ನ ಎದೆಯ ಮೇಲಿತ್ತು. “ಏಳಲೇ, ಭಾರ ಆಗಾಕತ್ತೀದಿ” ಎಂದೆ. ಎರಡು ಸಲ ಎಂದೆ. ಎಂಥ ಮನುಷ್ಯ, ಈಗ ಅವಸರ ಇಲ್ಲವೇ ಎಂದು ಸಿಟ್ಟೂ ಬಂತು. ಡೆಕ್ಕಿನವರು ನೊರೆ ಸುರಿದರು, ಒಬ್ಬೊಬ್ಬರನ್ನೇ ಮೇಲಿನ ಬಾಗಿಲಿನಿಂದ ಎಳೆದರು. ಕೈಕಾಲು ಮುರಿದವರಿದ್ದರು, ತಲೆ ಒಡೆದವರಿದ್ದರು. ಸತ್ತವನು ಅವನೊಬ್ಬನೇ. ಬೇರೆಯವರು ಆವತ್ತು ಬಕಲ್ ಮುಟ್ಟಿದ್ದರಷ್ಟೇ, ಬಿಚ್ಚಿರಲಿಲ್ಲ.

ಪರೇಲಿನ ಒಂದು ಆಸ್ಪತ್ರೆಯಲ್ಲಿ ನನ್ನ ಎಡಭುಜದ ಎಲುಬು ಕೂಡಿಸಿದರು. ಬೆಲ್ಟಿನ ಭುಜದ ಮೇಲಿನ ಪಟ್ಟಿ ಅಲ್ಲಿ ಬಿಗಿದು ಎಲುಬು ಮುರಿದಿತ್ತು. ನಾನು ಅಳಲಿಲ್ಲ. ಅಳಬೇಕೆಂದು ಗೊತ್ತಿತ್ತು, ಬಂದವರ ಮುಖ ನೋಡಿದರೆ ಅವರೂ ಕಾಯುತ್ತಿದ್ದರು, ಬರಲಿಲ್ಲ. ಊಟ ತಂದರೆ ಉಣ್ಣುತ್ತಿದ್ದೆ. ಟೀವಿಯಲ್ಲಿ ಕ್ರಿಕೆಟ್ ಇದ್ದರೆ ನೋಡುತ್ತಿದ್ದೆ. ಯಾರು ಗೆದ್ದರು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ನನ್ನ ಹೆಂಡತಿ ಡಾಕ್ಟರನ್ನು ಹೊರಗೆ ಕರೆದು ಏನೋ ವಿಚಾರಿಸಿದಳು. ಅವರು ಇದೆಲ್ಲ ಹೀಗೇ ಇರುತ್ತದೆ ಎಂದರಂತೆ.

ಅಲ್ಲಿ ಮಲಗಿದ್ದಾಗಲೇ ಆ ಮಾತು ನನ್ನ ಕಿವಿಗೆ ಬಿತ್ತು. ತಂದವರು ಗೆಳೆಯನ ಅಣ್ಣ. ನಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದವನೊಬ್ಬ ಕಂಡದ್ದನ್ನು ಕಂಡಂತೆ ಹೇಳಿದ್ದ. ಅವನು ಬೆಲ್ಟ್ ಬಿಚ್ಚಿ ಎದ್ದು ನನ್ನ ಕಡೆ ಬಗ್ಗಿದ, ನನ್ನ ತಲೆಗೆ ಕೈ ಹಾಕಿದ, ಆಮೇಲೆ ನನ್ನ ಮೇಲೆ ಬಿದ್ದ. ಚಾಲ್‌ನ ಜನ ಉಳಿದದ್ದನ್ನು ತುಂಬಿಕೊಂಡರು. ಕುರ್ಲಾದವನನ್ನು ಜೀವಮಾನವಿಡೀ ಗಾಡಿಯಿಂದ ಎಳೆದು ಇಳಿಸಿದವನಲ್ಲವೇ, ಅಲ್ಲೂ ಹಾಗೇ ಎಬ್ಬಿಸಿ ಕರೆದೊಯ್ಯಲು ಎದ್ದ, ಯಂತ್ರ ವಾಲಿದಾಗ ಅಡ್ಡ ಬಿದ್ದು ಉಳಿಸಿದ. “ಅಂವಾ ನಿನ್ನ ಉಳಸಿ ಹ್ವಾದ” ಎಂದು ಅಣ್ಣ ನನ್ನ ಕೈ ಹಿಡಿದುಕೊಂಡು ಅತ್ತರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ವೈನಿ ಬಂದದ್ದು ಹದಿಮೂರನೆಯ ದಿನ ಕಳೆದ ಮೇಲೆ. ಹಾಸಿಗೆಯ ಪಕ್ಕ ನಿಂತೇ ಇದ್ದರು, ಕೂರಲಿಲ್ಲ. ನನ್ನ ಪಟ್ಟಿಯನ್ನು ನೋಡಿ, “ನೀವಾದ್ರೂ ಉಳದ್ರಲ್ಲ” ಎಂದರು. ಅವರ ಕಣ್ಣಲ್ಲಿ ಇನ್ನೇನೋ ಪ್ರಶ್ನೆ ಇತ್ತು. ನನಗೆ ಅದು ಯಾವುದೆಂದು ಗೊತ್ತಿತ್ತು. ಆ ಬೆಳಿಗ್ಗೆ ಅವರು ಫೋನಿಗಾಗಿ ಕಾಯುತ್ತ ಮಧ್ಯಾಹ್ನದವರೆಗೆ ಏನೂ ತಿಂದಿರಲಿಲ್ಲ ಎಂದು ನನ್ನ ಹೆಂಡತಿ ಹೇಳಿದ್ದಳು. ಗೆಳೆಯ ಯಾಕೆ ಎದ್ದ ಎಂದು ಬಲ್ಲವನು ಈಗ ನಾನೊಬ್ಬನೇ. ಹೇಳಿದರೆ ಅವರು ಬದುಕಿರುವಷ್ಟು ಕಾಲ ತಿನ್ನುವ ಒಂದೊಂದು ತುತ್ತೂ ಗಂಟಲಲ್ಲಿ ನಿಲ್ಲುತ್ತದೆ. ಹೇಳದಿದ್ದರೆ ನಾನು ಅವನ ಸಾವಿಗೆ ಕಾರಣನಾದ ಮನುಷ್ಯನಾಗಿ ಉಳಿಯಬೇಕು. ಅವರು ಕೇಳಲಿಲ್ಲ.

ಗಣಪತಿ ಹಬ್ಬಕ್ಕೆ ಚಾಲ್‌ನ ಮಂಡಳದವರು ಓಣಿಯ ಬಾಯಿಗೆ ಅವನ ದೊಡ್ಡ ಫೋಟೊ ಹಾಕಿ, ಮಿತ್ರನಿಗಾಗಿ ಪ್ರಾಣ ಕೊಟ್ಟವನು ಎಂದು ಮರಾಠಿಯಲ್ಲಿ ಬರೆಸಿದ್ದರು. ಆ ಮಿತ್ರ ನಾನು. ಅದರ ಕೆಳಗೆ ಹಾದು ಆರತಿಗೆ ಹೋದೆ, ಜನ ಸರಿದು ದಾರಿ ಬಿಟ್ಟರು. ಒಬ್ಬ ಮುದುಕಿ ನನ್ನ ಗಲ್ಲ ಸವರಿದರು. ಅಂಥ ಹೊತ್ತಲ್ಲಿ ಮೈ ಉರಿಯಬೇಕು, ನಾಚಿಕೆಯಾದರೂ ಆಗಬೇಕು. ಮೋದಕ ಕೊಟ್ಟರು, ತಿಂದೆ.

ವಿಚಾರಣೆ ಫೋರ್ಟಿನ ಒಂದು ಹಳೆಯ ಕಟ್ಟಡದಲ್ಲಿ ನಡೆಯಿತು. ಎತ್ತರದ ಛಾವಣಿ, ತಿರುಗಿದರೂ ಗಾಳಿ ಕೊಡದ ಫ್ಯಾನು. ನಡೆಸುತ್ತಿದ್ದ ಅಧಿಕಾರಿ ಸಾವಧಾನದ ಮನುಷ್ಯ. ನಾನು ಏನು ನಡೆಯಿತೆಂದು ಕೇಳಿದ್ದಕ್ಕೆ ಮುಂದಿದ್ದ ಸ್ಟೀಲಿನ ಲೋಟವನ್ನು ಎಳೆದುಕೊಂಡು, ಅದರ ಬುಡದ ಒಂದು ಅಂಚನ್ನು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬದಿಯನ್ನು ಮೇಲೆತ್ತಿ ತೋರಿಸಿದರು. ಲೋಟ ಮಗುಚಿತು. ಡೆಕ್ಕಿನ ಮೇಲೆ ಚಕ್ರ ಜಾರದಿರಲೆಂದು ದಪ್ಪ ಹಗ್ಗದ ಬಲೆ ಬಿಗಿದಿರುತ್ತಾರೆ. ಅದರ ಒಂದು ಬದಿ ಸಡಿಲಾಗಿತ್ತು. ಯಂತ್ರ ಜಾರಿದಾಗ ಎಡಗಡೆಯ ಚಕ್ರ ಹಗ್ಗದ ಕೆಳಗೆ ಸಿಕ್ಕಿಕೊಂಡಿತು. ಮೇಲೆತ್ತಿದಾಗ ಅದೊಂದು ಚಕ್ರ ಬಿಟ್ಟು ಉಳಿದದ್ದೆಲ್ಲ ಎದ್ದಿತು. ಆಮೇಲೆ ಪೈಲಟ್ ಏನು ಮಾಡಿದರೂ ಹೊತ್ತು ಮೀರಿತ್ತು. ಬಲೆ ಬಿಗಿಯದವರು, ಗಾಳಿ, ಪೈಲಟ್, ಎಲ್ಲರಿಗೂ ಒಂದೊಂದು ಪಾಲು. ಎಲ್ಲವೂ ಸರಿಯಾಗಿತ್ತು, ನನಗೆ ತಕರಾರಿಲ್ಲ.

“ಅವರು ಬೆಲ್ಟ್ ಬಿಚ್ಚಿದ್ದರೇ?” ಎಂದು ಹಿಂದಿಯಲ್ಲಿ ಕೇಳಿದರು.

ಹೌದು ಎಂದೆ.

“ಯಾಕೆ?”

ರೂಢಿ ಎಂದೆ. ಲೋಕಲ್‌ನಲ್ಲಿ ಗಾಡಿ ನಿಲ್ಲುವ ಮೊದಲೇ ಏಳುವ ರೂಢಿ. ಅಧಿಕಾರಿಗೆ ನಗು ಬರುವಂತಿತ್ತು, ತಡೆದುಕೊಂಡರು. ಅವರೂ ಡೊಂಬಿವಲಿಯಿಂದ ಬರುವವರಂತೆ. ಹಾಗೆಯೇ ಬರೆಸಿಕೊಂಡರು.

ಕಂಪನಿ ನನ್ನನ್ನು ಕಡಲಿನಿಂದ ತೆಗೆದು ಹ್ಯಾಂಗರಿನ ಕೋಣೆಯಲ್ಲಿ ಆ ಪಾಠ ಹೇಳಲು ಹಾಕಿತು. ವರದಿ ಹೊರಬಂದ ಮೇಲೆ ವೈನಿ ಫೋನ್ ಮಾಡಿದರು. ಮಧ್ಯಾಹ್ನ ಬ್ಯಾಂಕಿನ ಊಟದ ಬಿಡುವಿನಲ್ಲಿ ಬರುತ್ತೀರಾ ಎಂದರು. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಕೂತೆವು. ಸುತ್ತ ಆಫೀಸಿನವರ ಗದ್ದಲ, ಒಬ್ಬರು ಎದ್ದರೆ ಇಬ್ಬರು ಕೂರಲು ಕಾಯುತ್ತಿದ್ದರು. ವೈನಿ ಏನೂ ಹೇಳಿರಲಿಲ್ಲ, ನಾನೇ ಎರಡು ಇಡ್ಲಿ ತರಿಸಿದೆ. ಅವರು ಮುಟ್ಟಲಿಲ್ಲ. ಬಹಳ ಸೊರಗಿದ್ದರು, ರವಿಕೆಯ ತೋಳು ಜೋಲುತ್ತಿತ್ತು.

“ವರದಿ ಒಳಗ ರೂಢಿ ಅಂತ ಬರದಾರ” ಎಂದರು. “ಮಂದಿ ನಿಮ್ಮನ್ನ ಉಳಸಾಕ ಎದ್ರು ಅಂತಾರ. ನನಗ ಎರಡೂ ಬ್ಯಾಡ್ರಿ. ನೀವು ಬಾಜೂಕ ಇದ್ದವರು. ಒಂದ ಹೇಳ್ರಿ, ನನಗ ಫೋನ್ ಹಚ್ಚಾಕ ಎದ್ರೇನು?”

ಇಡ್ಲಿಯ ತಟ್ಟೆಯನ್ನು ಅವರು ಪಕ್ಕಕ್ಕೆ ಸರಿಸಿದರು. ಇಷ್ಟು ತಿಂಗಳು ನನಗೆ ಏನೂ ಅನಿಸಿರಲಿಲ್ಲ. ಆಗ ಮಾತ್ರ ಹೆದರಿಕೆಯಾಯಿತು. ಒಂದು ಗಳಿಗೆ ತಡ ಮಾಡಿದರೆ ಆ ತಡವೇ ಉತ್ತರವಾಗುತ್ತಿತ್ತು.

“ಇಲ್ರೀ ವೈನಿ. ನನ್ನ ಎಬ್ಬಸಾಕ ಎದ್ದಾ” ಎಂದೆ.

“ಖರೇನ?”

“ಖರೇನ್ರಿ. ಕಿವೀದು ತಗದು, ಏಳಲೇ, ಇಲ್ಲೂ ಕುರ್ಲಾಕ್ಕ ಹೋಗಾಂವೇನು ಅಂದ. ನನ್ನ ಭುಜಾ ಹಿಡದಾ. ಅಷ್ಟರಾಗ ಹೆಲಿಕಾಪ್ಟರ್ ಹೊಳ್ಳಿ ಬಿತ್ರಿ.”

“ಮತ್ತ ಅವರ ಮುಂದ ರೂಢಿ ಅಂತ ಯಾಕ ಹೇಳಿದ್ರಿ?”

ಇದನ್ನು ನಾನು ಯೋಚಿಸಿರಲಿಲ್ಲ. “ನನ್ನ ಸಲುವಾಗಿ ಹ್ವಾದ ಅಂತ ಹೇಳಾಕ ನಾಚಿಕಿ ಆತ್ರಿ” ಎಂದೆ.

ವೈನಿ ನನ್ನನ್ನು ನೋಡಿದರು. ಇಷ್ಟು ದಿನ ಇಲ್ಲದ ಒಂದು ಕಠೋರತೆ ಆ ನೋಟದಲ್ಲಿ ಬಂದು, ಸ್ವಲ್ಪ ಹೊತ್ತು ನಿಂತಿತು. ಹೇಡಿಯನ್ನು ನೋಡುವ ನೋಟ. ನಾನು ಅದನ್ನು ತಪ್ಪಿಸಿಕೊಳ್ಳಲಿಲ್ಲ. ಆಮೇಲೆ ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಜಾಗಕ್ಕೆ ಕಾಯುತ್ತಿದ್ದವರು ಬೇರೆ ಕಡೆ ತಿರುಗಿ ನಿಂತರು. ಮಾಣಿ ನೀರಿನ ಲೋಟ ಇಟ್ಟು ಹೋದ.

ಏಳುವಾಗ ಅವರು ನನ್ನ ಎಡಭುಜದ ಮೇಲೆ ಕೈ ಇಟ್ಟರು.

“ಇಲ್ಲೇ ಹಿಡದಿದ್ರೇನು?”

“ಹೂಂರಿ.”

“ಇನ್ನೂ ನೋಯ್ತದೇನ್ರಿ?”

ಶಸ್ತ್ರಚಿಕಿತ್ಸೆಯಾದ ಮೇಲೆ ಅಲ್ಲಿಯ ಚರ್ಮಕ್ಕೆ ಏನೂ ತಿಳಿಯುವುದಿಲ್ಲ. ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ಅವರ ಕೈ ಅಲ್ಲಿದೆ ಎಂದು ನಾನು ಕಣ್ಣಿನಿಂದ ನೋಡಿ ತಿಳಿದುಕೊಳ್ಳಬೇಕಾಗಿತ್ತು.

“ನೋಯ್ತದ್ರಿ” ಎಂದೆ.

ಅವರು ಮೆಲ್ಲಗೆ ಆ ಜಾಗವನ್ನು ಸವರಿದರು.